ಹೊಸತೊಡಕಿನ ದಿನ ವ್ರತ ಮುರಿಯಿತು, ಈಗ ಯಾವ ಮುಖ ಇಟ್ಟುಕೊಂಡು ಈಸ್ಟರ್ ಪೂಜೆಗೆ ಹೋಗಲಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಬೂದಿ ಬುಧವಾರ ಹಣೆಗೆ ಬೂದಿ ಇಡಿಸಿಕೊಂಡು ಬಂದು, ಈಸ್ಟರ್ ತನಕ ಮಾಂಸ ಮುಟ್ಟುವುದಿಲ್ಲ, ಕಾಫಿ ಕುಡಿಯುವುದಿಲ್ಲ, ರಾತ್ರಿ ಮೊಬೈಲ್ ನೋಡುವುದಿಲ್ಲ ಅಂತ ಗಟ್ಟಿ ಮನಸ್ಸು ಮಾಡಿದಿರಿ. ಒಂದು ತಿಂಗಳು ಸರಿಯಾಗಿಯೇ ನಡೆಯಿತು. ಯುಗಾದಿಗೆ ಗೆಳೆಯನ ಜೊತೆ ಮಂಡ್ಯ ಕಡೆಯ ಅವನ ಊರಿಗೆ ಹೋದಿರಿ. ಮರುದಿನ ಹೊಸತೊಡಕು. ಅವನ ತಾಯಿ ಬಿಸಿ ಮುದ್ದೆ, ಮಟನ್ ಸಾರು ತಂದು ಎದುರಿಗಿಟ್ಟರು. ಬೇಡ ಅನ್ನಲು ಬಾಯಿ ಬರಲಿಲ್ಲ. ಅದೂ ಶುಕ್ರವಾರ. ಬೆಂಗಳೂರಿಗೆ ವಾಪಸ್ ಬಂದ ಮೇಲೆ 'ಹೇಗೂ ಮುರಿಯಿತಲ್ಲ' ಅಂತ ಕಾಫಿಯೂ ಶುರುವಾಯಿತು, ಮೊಬೈಲೂ ಶುರುವಾಯಿತು. ಆ ಭಾನುವಾರ ಪೂಜೆಗೂ ಹೋಗಲಿಲ್ಲ. ಈಗ ಪ್ರಾರ್ಥನೆಗೆ ಕೂತರೆ ಏನೂ ಅನಿಸುವುದಿಲ್ಲ. ಏಪ್ರಿಲ್ 5ಕ್ಕೆ ಈಸ್ಟರ್. ಉಳಿದ ಹತ್ತು ಹನ್ನೆರಡು ದಿನಕ್ಕೆ ಮತ್ತೆ ಶುರು ಮಾಡಿ ಏನು ಪ್ರಯೋಜನ, ಯಾವ ಮುಖ ಇಟ್ಟುಕೊಂಡು ಹೋಗಲಿ ಅಂತ ಕೇಳಿದ್ದೀರಿ.

ಇದೇ ಮುಖ ಇಟ್ಟುಕೊಂಡು ಹೋಗಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನಾನು ಕನಕಪುರ ಕಡೆಯ ಹಳ್ಳಿಯವಳು. ಕಥೋಲಿಕರ ಮನೆ. ಸುತ್ತಲೂ ಒಕ್ಕಲಿಗರ ಮನೆಗಳು. ಹಾಗಾಗಿ ಹೊಸತೊಡಕಿನ ಸಂಕಟ ನನಗೆ ಚಿಕ್ಕಂದಿನಿಂದ ಗೊತ್ತು. ಈಸ್ಟರ್ ಲೆಕ್ಕ ಹುಣ್ಣಿಮೆಯದು. ಮಾರ್ಚ್ 21ರಂದು ಅಥವಾ ಅದಾದ ಮೇಲೆ ಬರುವ ಮೊದಲ ಹುಣ್ಣಿಮೆ ಕಳೆದು ಬರುವ ಭಾನುವಾರ ಈಸ್ಟರ್. ಯುಗಾದಿ ಲೆಕ್ಕ ಅಮಾವಾಸ್ಯೆಯದು. ಎರಡಕ್ಕೂ ಚಂದ್ರ ಒಬ್ಬನೇ. ಅದಕ್ಕೇ ಬಹಳಷ್ಟು ವರ್ಷ ಯುಗಾದಿ ಬರುವುದು ಈಸ್ಟರ್‌ಗೆ ಎರಡು ಮೂರು ವಾರ ಮೊದಲು, ಅಂದರೆ ಬೂದಿ ಬುಧವಾರದಿಂದ ಈಸ್ಟರ್ ತನಕದ ನಮ್ಮ ಉಪವಾಸದ ಕಾಲವಾದ ತಪಸ್ಸುಕಾಲದ ನಡುವೆ. ಕೆಲವು ವರ್ಷ ಮಾತ್ರ ಈಸ್ಟರ್ ಮೊದಲು ಬರುತ್ತದೆ, 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೇ ಬಂದು, ಯುಗಾದಿ ಆಮೇಲೆ ಬಂತು. ಉಳಿದಂತೆ ನಮ್ಮ ಮನೆಗೆ ಪಕ್ಕದ ಮನೆಯಿಂದ ಬೇವು ಬೆಲ್ಲ, ಒಬ್ಬಟ್ಟು ಬರುತ್ತಿತ್ತು. ಮರುದಿನ ಸಾರಿನ ಪಾತ್ರೆಯೂ ಬರುತ್ತಿತ್ತು. ನಮ್ಮವ್ವ ಒಂದು ಸಲವೂ ಆ ಪಾತ್ರೆ ವಾಪಸ್ ಕಳಿಸಿದ್ದು ನಾನು ನೋಡಿಲ್ಲ. ಪಾತ್ರೆ ತೊಳೆದು, ಅದರಲ್ಲಿ ಮನೆಯಲ್ಲಿದ್ದ ಒಂದಿಷ್ಟು ಬೆಲ್ಲ ಹಾಕಿ ಕಳಿಸುತ್ತಿದ್ದಳು. ಸಾರು ಮಕ್ಕಳ ಪಾಲು. ಅವಳು ತಿನ್ನುತ್ತಿರಲಿಲ್ಲ, ತಿಂದ ನಮ್ಮನ್ನು ಬೈಯುತ್ತಲೂ ಇರಲಿಲ್ಲ.

ಮೊದಲು ನಿಯಮದ ಮಾತು ಮುಗಿಸಿಬಿಡೋಣ. ತಪಸ್ಸುಕಾಲದಲ್ಲಿ ನಮ್ಮ ಕಥೋಲಿಕ ಸಭೆ ಕಡ್ಡಾಯ ಮಾಡಿರುವ ಉಪವಾಸ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಅಂದರೆ ಗುಡ್ ಫ್ರೈಡೇ. ಅದರ ಜೊತೆಗೆ ಶುಕ್ರವಾರಗಳಲ್ಲಿ ಮಾಂಸ ಬಿಡಬೇಕು. ಮಿಕ್ಕಿದ್ದೆಲ್ಲ ನೀವಾಗಿ ಮಾಡಿಕೊಂಡ ಸಂಕಲ್ಪ. ಅದು ಒಳ್ಳೆಯದು, ಆದರೆ ಅದು ತಪ್ಪಿದರೆ ಪಾಪ ಅಂತ ಯಾರೂ ಹೇಳಿಲ್ಲ. ಶುಕ್ರವಾರದ ಊಟ ಮನಸ್ಸನ್ನು ಚುಚ್ಚುತ್ತಿದ್ದರೆ ಪಾಪನಿವೇದನೆಯಲ್ಲಿ ಪಾದ್ರಿ ಸ್ವಾಮಿಗಳಿಗೆ ಹೇಳಿಕೊಳ್ಳಿ. ಪವಿತ್ರ ವಾರಕ್ಕೆ, ಅಂದರೆ ಈಸ್ಟರ್ ಹಿಂದಿನ ವಾರಕ್ಕೆ, ಮುಂಚೆ ಹೆಚ್ಚುಕಮ್ಮಿ ಎಲ್ಲ ಚರ್ಚುಗಳಲ್ಲೂ ಸ್ವಾಮಿಗಳು ಅದಕ್ಕೆಂದೇ ಕೂರುತ್ತಾರೆ. ಯೇಸುಸ್ವಾಮಿ ಶಿಷ್ಯರನ್ನು ಊರೂರಿಗೆ ಕಳಿಸುವಾಗ, ನಿಮ್ಮನ್ನು ಸೇರಿಸಿಕೊಂಡ ಮನೆಯಲ್ಲಿ ಬಡಿಸಿದ್ದನ್ನು ಊಟ ಮಾಡಿ ಅಂದ ಮಾತು ಬೈಬಲ್ಲಿನ ಲೂಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿದೆ. ಹಿಂದಿನ ಕಾಲದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿಗಳು, ಅಷ್ಟು ಕಠಿಣ ಉಪವಾಸದವರು, ಅತಿಥಿ ಬಂದರೆ ಉಪವಾಸ ಬದಿಗಿಟ್ಟು ಅವರ ಜೊತೆ ಕೂತು ತಿನ್ನುತ್ತಿದ್ದರು. ಗೆಳೆಯನ ತಾಯಿ ಪ್ರೀತಿಯಿಂದ ಇಟ್ಟ ಮುದ್ದೆ ನಿಮ್ಮ ತಪಸ್ಸುಕಾಲವನ್ನು ಹಾಳು ಮಾಡಿಲ್ಲ.

ಹಾಳು ಮಾಡಿದ್ದು ಆಮೇಲೆ ಬಂದ ಆ ಮಾತು. 'ಹೇಗೂ ಮುರಿಯಿತಲ್ಲ.' ಆ ಮಾತಿನ ಬಗ್ಗೆ ನನಗೆ ಜಾಸ್ತಿ ಹೇಳಬೇಕು ಅನಿಸುತ್ತದೆ.

ಒಂದು ವರ್ಷ ನಾನು ಎಲ್ಲವನ್ನೂ ಚಾಚೂ ತಪ್ಪದೆ ನಡೆಸಿದ್ದೆ. ಮಾಂಸ ಇಲ್ಲ, ಮೀನಿಲ್ಲ, ಮೊಟ್ಟೆಯಿಲ್ಲ, ಕಾಫಿಯಿಲ್ಲ. ಒಪ್ಪೊತ್ತು ಊಟ. ಭಾನುವಾರಗಳನ್ನೂ ಬಿಡಲಿಲ್ಲ. ನಿಜ ಹೇಳಬೇಕೆಂದರೆ ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರಕ್ಕೆ 46 ದಿನ. ನಡುವಿನ 6 ಭಾನುವಾರ ಲೆಕ್ಕಕ್ಕೆ ಬರುವುದಿಲ್ಲ, ಭಾನುವಾರ ಯಾವಾಗಲೂ ಪುನರುತ್ಥಾನದ ದಿನವೇ. ಅದಕ್ಕೇ 40. ನಾನು 46ಕ್ಕೆ 46 ಮಾಡಿದೆ. ಅದೇ ಸಮಯದಲ್ಲಿ ಅಣ್ಣನ ಜೊತೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಅಪ್ಪ ಹೋದ ಮೇಲೆ ಜಮೀನಿನ ಪಾಲಿನ ವಿಷಯಕ್ಕೆ ಬಂದ ಜಗಳ. ಶುಭ ಶುಕ್ರವಾರ ಊರಿನ ಚರ್ಚಿನಲ್ಲಿ ಶಿಲುಬೆಗೆ ಮುತ್ತಿಡಲು ಎರಡು ಸಾಲು ನಿಂತಿತ್ತು. ನನ್ನ ಮುಂದೆ ಅಣ್ಣನ ಬೆನ್ನು ಕಂಡಿತು. ನಾನು ಪಕ್ಕದ ಸಾಲಿಗೆ ಹೋದೆ. ಹೋಗಿ ಶಿಲುಬೆಗೆ ಮುತ್ತಿಟ್ಟೆ. ಆಗ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ ನನಗೆ.

ಈಸ್ಟರ್ ಬೆಳಗ್ಗೆ ಅವ್ವ ಕಾಫಿ ಲೋಟ ಕೈಗೆ ಕೊಟ್ಟು, "ಇಷ್ಟು ದಿನ ಬಿಟ್ಟೆಯಲ್ಲ, ಬಿಟ್ಟಿದ್ದನ್ನ ಯಾರಿಗೆ ಕೊಟ್ಟೆ?" ಅಂದಳು. ಸುಮ್ನೆ ಕೇಳಿದ್ದು ಅವಳು, ಕುಟುಕಲು ಅಲ್ಲ. ಅವಳ ಲೆಕ್ಕದಲ್ಲಿ ಬಿಡುವುದು ಅಂದರೆ ಕೊಡುವುದು. ತಪಸ್ಸುಕಾಲದಲ್ಲಿ ದಿನಾ ರಾತ್ರಿ ಅಡುಗೆಗೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಹಳೆಯ ಡಬ್ಬಕ್ಕೆ ಹಾಕುತ್ತಿದ್ದಳು. ಅಷ್ಟು ಕಡಿಮೆ ಅನ್ನವನ್ನೇ ನಾವು ಹಂಚಿಕೊಂಡು ತಿನ್ನಬೇಕು. ಪವಿತ್ರ ವಾರದಲ್ಲಿ ಆ ಡಬ್ಬ ಯಾವುದಾದರೂ ಕಷ್ಟದ ಮನೆಗೆ ಹೋಗುತ್ತಿತ್ತು. ಬೂದಿ ಬುಧವಾರ ಕಳೆದ ಶುಕ್ರವಾರದ ಪೂಜೆಯಲ್ಲಿ ಬೈಬಲ್ಲಿನ ಪ್ರವಾದಿ ಯೆಶಾಯನ 58ನೇ ಅಧ್ಯಾಯ ಓದುತ್ತಾರೆ. ತಲೆ ಬಗ್ಗಿಸಿ ಗೋಣಿತಟ್ಟು ಉಟ್ಟು ಬೂದಿಯಲ್ಲಿ ಕೂರುವುದು ನನಗೆ ಬೇಕಾದ ಉಪವಾಸವೇ ಅಂತ ದೇವರು ಅಲ್ಲಿ ಕೇಳುತ್ತಾರೆ. ಹಸಿದವರ ಜೊತೆ ನಿನ್ನ ರೊಟ್ಟಿ ಹಂಚಿಕೋ, ನಿನ್ನ ಸ್ವಂತ ರಕ್ತಸಂಬಂಧಿಗೆ ಮುಖ ತಪ್ಪಿಸಿಕೊಳ್ಳಬೇಡ ಅನ್ನುತ್ತಾರೆ. ನಾನು ಆ ಮಾತನ್ನು ಎಷ್ಟೋ ವರ್ಷ ಕೇಳಿದ್ದೆ. ಕೊನೆಯ ಭಾಗ ಕಿವಿಗೆ ಬಿದ್ದೇ ಇರಲಿಲ್ಲ.

ಮುಂದಿನ ವರ್ಷ ನನ್ನ ವ್ರತ ಮೊದಲ ವಾರದಲ್ಲೇ ಮುರಿಯಿತು. ಅವ್ವನನ್ನು ಆಸ್ಪತ್ರೆಗೆ ಸೇರಿಸಿದೆವು. ರಾತ್ರಿ ಹೊತ್ತು ಹಸಿವಿಗೆ ಏನು ಸಿಕ್ಕಿತೋ ಅದು. ಮೊಟ್ಟೆ ಪಫ್ ತಿಂದೆ, ಲೋಟಗಟ್ಟಲೆ ಕಾಫಿ ಕುಡಿದೆ. ಆ ಸಿಟ್ಟು, ಸೋಲು ನೀವು ಬರೆದಿದ್ದೀರಲ್ಲ, ಹಾಗೇ ಇತ್ತು. ನಾಲ್ಕನೇ ರಾತ್ರಿ ನನಗೆ ನಿದ್ದೆಗೆಟ್ಟು ಆಗಲಿಲ್ಲ. ಬೇರೆ ಯಾರೂ ಇರಲಿಲ್ಲ. ಅಣ್ಣನಿಗೆ ಫೋನ್ ಮಾಡಿ, "ಒಂದು ರಾತ್ರಿ ನೀನು ಕೂರ್ತೀಯಾ?" ಅಂತ ಕೇಳಿದೆ. ಅಣ್ಣ ಕೊನೆಯ ಬಸ್ಸಿಗೆ ಬಂದ. ಗೇಟಿನ ಹತ್ತಿರದ ಅಂಗಡಿಯಲ್ಲಿ ಇಬ್ಬರೂ ಕಾಫಿ ಕುಡಿದೆವು. ಜಮೀನಿನ ಮಾತು ಇಬ್ಬರೂ ಎತ್ತಲಿಲ್ಲ. ಅದು ಇವತ್ತಿಗೂ ಮುಗಿದಿಲ್ಲ. ಆದರೆ ಮಾತು ಇದೆ. ಹಿಂದಿನ ವರ್ಷದ ಹಾಗೆ ಎಲ್ಲವೂ ಸರಿಯಾಗಿ ನಡೆದಿದ್ದರೆ ನಾನು ಆ ಫೋನ್ ಮಾಡುತ್ತಿರಲಿಲ್ಲ. ಇದನ್ನು ನಾನು ಖಂಡಿತ ಹೇಳಬಲ್ಲೆ.

ಇದಕ್ಕೇ ನನಗೆ ಯೇಸುಸ್ವಾಮಿಯ ಶಿಷ್ಯ ಪೇತ್ರನ ಮೇಲೆ ಅಷ್ಟು ಪ್ರೀತಿ. ಪೇತ್ರ ಮಾಡಿದ್ದೂ ನಿಮ್ಮಂಥ ಸಂಕಲ್ಪವನ್ನೇ. ಎಲ್ಲರೂ ಬಿಟ್ಟು ಹೋದರೂ ನಾನು ಬಿಡುವುದಿಲ್ಲ, ಸಾಯಬೇಕಾದರೂ ಸರಿ ಅಂದ. ಅದೇ ರಾತ್ರಿ ಒಂದು ಗಂಟೆ ಎಚ್ಚರವಾಗಿರಲು ಆಗಲಿಲ್ಲ. ಆಮೇಲೆ ಯೇಸುಸ್ವಾಮಿಯನ್ನು ಹಿಡಿದು ಕರೆದೊಯ್ದ ಮಹಾಯಾಜಕನ ಅಂಗಳ. ಚಳಿ. ಆಳುಗಳು ಕೆಂಡ ಮಾಡಿಕೊಂಡು ಸುತ್ತ ನಿಂತಿದ್ದಾರೆ. ಪೇತ್ರನೂ ಅಲ್ಲೇ ಮೈ ಕಾಯಿಸಿಕೊಳ್ಳುತ್ತಾ, ಆ ಮನುಷ್ಯ ನನಗೆ ಗೊತ್ತೇ ಇಲ್ಲ ಅಂತ ಮೂರು ಸಲ ಹೇಳಿದ. ಕೋಳಿ ಕೂಗಿತು.

ಯೊವಾನ್ನ ತನ್ನ ಶುಭಸಂದೇಶದಲ್ಲಿ ಈ ಬೆಂಕಿಗೆ ಬಳಸಿದ್ದು ಕೆಂಡದ ಬೆಂಕಿ ಅನ್ನುವ ಒಂದು ಗ್ರೀಕ್ ಪದ. ಇಡೀ ಹೊಸ ಒಡಂಬಡಿಕೆಯಲ್ಲಿ ಆ ಪದ ಬರುವುದು ಎರಡೇ ಕಡೆ. ಎರಡನೆಯದು ಅದೇ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿ. ಪುನರುತ್ಥಾನವಾಗಿದೆ. ಪೇತ್ರ ಮತ್ತೆ ಮೀನು ಹಿಡಿಯಲು ಹೋಗಿದ್ದಾನೆ. ರಾತ್ರಿಯೆಲ್ಲ ಏನೂ ಸಿಕ್ಕಿಲ್ಲ. ಬೆಳಗ್ಗೆ ದಡದಲ್ಲಿ ಯೇಸುಸ್ವಾಮಿ ಕೆಂಡದ ಮೇಲೆ ಮೀನು ಸುಡುತ್ತಿದ್ದಾರೆ, ಜೊತೆಗೆ ರೊಟ್ಟಿ ಇದೆ. ಬನ್ನಿ, ಊಟ ಮಾಡಿ ಅನ್ನುತ್ತಾರೆ. ತಿಂದಾದ ಮೇಲೆ ಕೇಳುತ್ತಾರೆ, ನನ್ನನ್ನು ಪ್ರೀತಿಸುತ್ತೀಯಾ? ಮೂರು ಸಲ. ಮೂರನೆಯ ಸಲ ಪೇತ್ರನಿಗೆ ನೋವಾಯಿತು ಅಂತ ಬರೆದಿದೆ. ಆಗಲೇಬೇಕಿತ್ತು, ಅಲ್ವಾ? ಆ ಕೆಂಡದ ವಾಸನೆಗೇ ಅವನಿಗೆ ಎಲ್ಲ ನೆನಪಾಗಿರಬೇಕು. ಆದರೂ ಮೊದಲು ಊಟ, ಆಮೇಲೆ ಪ್ರಶ್ನೆ. ಯಾಕೆ ಹಾಗೆ ಮಾಡಿದೆ ಅನ್ನುವ ಪ್ರಶ್ನೆ ಅಲ್ಲಿ ಇಲ್ಲವೇ ಇಲ್ಲ.

ಮಾರ್ಕನ ಶುಭಸಂದೇಶದಲ್ಲಿ ಇನ್ನೊಂದು ಮಾತಿದೆ. ಸಮಾಧಿಗೆ ಬಂದ ಹೆಂಗಸರಿಗೆ ಅಲ್ಲಿ ಕೂತಿದ್ದ ಬಿಳಿ ಬಟ್ಟೆಯ ಯುವಕ ಹೇಳುತ್ತಾನೆ, ಹೋಗಿ ಅವರ ಶಿಷ್ಯರಿಗೂ ಪೇತ್ರನಿಗೂ ತಿಳಿಸಿ ಅಂತ. ಪೇತ್ರನೂ ಶಿಷ್ಯನೇ. ಆದರೂ ಹೆಸರು ಬೇರೆಯಾಗಿ ಹೇಳಿದ್ದಾರೆ. ಶಿಷ್ಯರು ಅಂದರೆ ಅದರಲ್ಲಿ ನಾನು ಇನ್ನು ಇಲ್ಲ ಅಂತ ಅವನು ಅಂದುಕೊಂಡಿದ್ದ ಅಂತ ನನಗೆ ಅನಿಸುತ್ತದೆ. ಪವಿತ್ರ ವಾರದ ಪೂಜೆಗೆ ಎಲ್ಲರೂ ಬನ್ನಿ ಅಂತ ಸ್ವಾಮಿಗಳು ಕರೆದಾಗ ನೀವು ಅಂದುಕೊಂಡಿದ್ದೀರಲ್ಲ, ಹಾಗೆ.

ನೀವು ತಪ್ಪಿಸಿಕೊಂಡ ಆ ಭಾನುವಾರ, ಮಾರ್ಚ್ 22, ಈ ವರ್ಷದ ಸರದಿಯ ಪ್ರಕಾರ ಓದಿದ್ದು ಲಾಜರನ ಕಥೆ, ಸತ್ತು ಸಮಾಧಿಯಲ್ಲಿದ್ದವನನ್ನು ಯೇಸುಸ್ವಾಮಿ ಎಬ್ಬಿಸಿದ್ದು. ನೀವು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂತ ಅವನ ಅಕ್ಕ ಮಾರ್ತಳು ಯೇಸುಸ್ವಾಮಿಗೆ ಅನ್ನುತ್ತಾಳೆ. ಕಲ್ಲು ತೆಗೆಯಿರಿ ಅಂದಾಗ, ಬೇಡ ಸ್ವಾಮಿ, ನಾಲ್ಕು ದಿನವಾಯಿತು, ನಾತ ಹೊಡೆಯುತ್ತದೆ ಅನ್ನುತ್ತಾಳೆ. ಬೈಬಲ್ಲಿನಲ್ಲಿ 'ಲೇಟಾಯಿತು' ಅನ್ನುವ ಮಾತು ಇಷ್ಟು ನೇರವಾಗಿ ಬೇರೆಲ್ಲೂ ನನಗೆ ಕಂಡಿಲ್ಲ. ಯೊವಾನ್ನ 11. ಇವತ್ತು ರಾತ್ರಿ ಓದಿ.

ಇನ್ನು ಪ್ರಾರ್ಥನೆಗೆ ಕೂತರೆ ಏನೂ ಅನಿಸುವುದಿಲ್ಲ ಅಂದಿರಲ್ಲ. ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ನನಗೂ ಎಷ್ಟೋ ತಿಂಗಳು ಹಾಗಾಗಿದೆ. ಆಗ ನಾನು ಮಾಡಿದ್ದು ಇಷ್ಟೇ. ಮನಸ್ಸು ಬಾರದಿದ್ದರೂ ಕಾಲು ಹೋಗಲಿ ಅಂತ ಶಿಲುಬೆಹಾದಿಗೆ ಹೋದೆ, ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಪ್ರಾರ್ಥನೆ ಅದು. 14 ಸ್ಥಳ. ಪ್ರತಿ ಸ್ಥಳದಲ್ಲೂ ಮಂಡಿಯೂರಬೇಕು, ಏಳಬೇಕು, ಮುಂದೆ ನಡೆಯಬೇಕು. ನಮ್ಮ ಕಡೆ ಹಾರೋಬೆಲೆಯ ಕಪಾಲಬೆಟ್ಟಕ್ಕೆ ಶುಭ ಶುಕ್ರವಾರ ಜನ ಶಿಲುಬೆಹಾದಿ ಮಾಡುತ್ತಾ ಹತ್ತುತ್ತಾರೆ. ಗೊಲ್ಗೊಥಾ ಅಂದರೂ ಕಪಾಲ ಅಂತಲೇ ಅರ್ಥ. ಬಿಸಿಲಿಗೆ ಬಂಡೆ ಕಾದಿರುತ್ತದೆ. ಬಾಯಾರಿಕೆ ಬಿಟ್ಟು ಬೇರೆ ಏನೂ ಅನಿಸುವುದಿಲ್ಲ. ಮೂರು ಸಲ ಯೇಸುಸ್ವಾಮಿ ಬೀಳುವ ಸ್ಥಳಗಳಿವೆ, ಮೂರನೆಯದು, ಏಳನೆಯದು, ಒಂಬತ್ತನೆಯದು. ಒಂದೇ ಸಲ ಅಲ್ಲ ನೋಡಿ. ಶಿಲುಬೆಯ ಮೇಲೆ ಅವರು ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು, ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ? ಏನೂ ಅನಿಸದೆ ಇದ್ದಾಗ ಅದನ್ನೇ ಹೇಳಿ. ಬೇರೆ ಪ್ರಾರ್ಥನೆ ಹುಡುಕಬೇಡಿ.

ಉಳಿದ ದಿನಕ್ಕೆ ಹಳೆಯ ಮೂರು ಸಂಕಲ್ಪವನ್ನೇ ಮತ್ತೆ ಎತ್ತಿಕೊಳ್ಳಬೇಡಿ ಅಂತ ನನ್ನ ಸಲಹೆ. ಒಂದೇ ಒಂದು ಸಾಕು, ಮತ್ತು ಅದು ಯಾರಿಗಾದರೂ ತಲುಪುವಂಥದ್ದಾಗಿರಲಿ. ದಿನಾ ಕಾಫಿ ಬಿಟ್ಟರೆ ಆ ದುಡ್ಡು ಒಂದು ಡಬ್ಬಕ್ಕೆ ಬೀಳಲಿ, ಪವಿತ್ರ ವಾರದಲ್ಲಿ ಆ ಡಬ್ಬ ನಿಮ್ಮ ಕೈಯಿಂದ ಹೋಗಲಿ. ರಾತ್ರಿ ಮೊಬೈಲ್ ಬಿಟ್ಟರೆ ಆ ಹೊತ್ತಲ್ಲಿ ಊರಿಗೆ ಫೋನ್ ಮಾಡಿ ಅಪ್ಪ ಅಮ್ಮನ ಹತ್ತಿರ ಮಾತಾಡಿ. ಗೆಳೆಯನ ತಾಯಿಗೂ ಒಂದು ಫೋನ್ ಮಾಡಿ, ಊಟ ಚೆನ್ನಾಗಿತ್ತು ಅಂತ ಹೇಳಿ. ಇದೂ ತಪಸ್ಸುಕಾಲದ ಕೆಲಸವೇ. ಮಾರ್ಕನ 14, 15, 16ನೇ ಅಧ್ಯಾಯಗಳನ್ನು ಒಂದೇ ಸಲಕ್ಕೆ, ಬಾಯಿ ಬಿಟ್ಟು ಜೋರಾಗಿ ಓದಿ. ಅರ್ಧ ಗಂಟೆ ಹಿಡಿಯುತ್ತದೆ. ಶುಭ ಶುಕ್ರವಾರ ಉಪವಾಸ ಮಾಡಿ, ಅದನ್ನು ಬಿಡಬೇಡಿ.

ಗರಿಗಳ ಭಾನುವಾರ ಮಾರ್ಚ್ 29. ಅಲ್ಲಿಂದ ಹೋಗಿ. ಕೊಟ್ಟ ಗರಿಯನ್ನು ಎಸೆಯಬೇಡಿ, ಮನೆಯಲ್ಲಿಟ್ಟುಕೊಳ್ಳಿ, ಮುಂದಿನ ವರ್ಷದ ಬೂದಿ ಆಗುವುದು ಅದೇ. ಗುರುವಾರ ಸಂಜೆ ಪಾದ ತೊಳೆಯುವ ಪೂಜೆ. ಯೇಸುಸ್ವಾಮಿ ಅವತ್ತು ಪೇತ್ರನ ಪಾದವನ್ನೂ ತೊಳೆದರು, ಕೆಲವೇ ಗಂಟೆಯಲ್ಲಿ ಅವನು ಏನು ಹೇಳುತ್ತಾನೆ ಅಂತ ಗೊತ್ತಿದ್ದೂ ತೊಳೆದರು. ಆ ಪೂಜೆಯಲ್ಲಿ ಮಹಿಮಾಗೀತೆಗೆ ಗಂಟೆ ಬಾರಿಸಿ ನಿಲ್ಲಿಸಿದರೆ ಮತ್ತೆ ಶನಿವಾರ ರಾತ್ರಿಯ ತನಕ ಗಂಟೆಯಿಲ್ಲ. ನಮ್ಮೂರಲ್ಲಿ ಮರದ ಹಲಗೆ ಬಡಿಯುತ್ತಿದ್ದರು. ಪೂಜೆ ಮುಗಿದ ಮೇಲೆ ಬಲಿಪೀಠದ ಬಟ್ಟೆಯನ್ನೂ ತೆಗೆದುಬಿಡುತ್ತಾರೆ. ಶುಕ್ರವಾರ ಸ್ವಾಮಿಗಳು ಒಳಗೆ ಬಂದವರೇ ಬರಿಯ ನೆಲದ ಮೇಲೆ ಅಂಗಾತ ಅಲ್ಲ, ಬೋರಲು ಮಲಗುತ್ತಾರೆ. ಯಾರೂ ಮಾತಾಡುವುದಿಲ್ಲ, ಹಾಡಿಲ್ಲ. ಏನೂ ಅನಿಸದ ನಿಮ್ಮಂಥವರಿಗೆ ಆ ಮೌನ ಹಿಡಿಸುತ್ತದೆ ಅಂತ ನನಗೆ ನಂಬಿಕೆ. ಅಲ್ಲಿ ಏನೂ ಅನಿಸಲೇಬೇಕು ಅಂತಿಲ್ಲ, ಸುಮ್ನೆ ಮಂಡಿಯೂರಿದರೆ ಸಾಕು.

ಆದರೆ ಒಂದಕ್ಕೆ ಮಾತ್ರ ಖಂಡಿತ ಹೋಗಿ ಅಂದರೆ, ಅದು ಶನಿವಾರ ರಾತ್ರಿಯ ಪಾಸ್ಖ ಜಾಗರಣೆ, ಪಾಸ್ಖ ಅಂದರೆ ಈಸ್ಟರ್. ಬಹಳ ಜನ ಭಾನುವಾರ ಬೆಳಗಿನ ಪೂಜೆಗೆ ಹೋಗಿ ಇದನ್ನು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಚರ್ಚಿನ ದೀಪವೆಲ್ಲ ಆರಿಸಿ ಹೊರಗೆ ಬೆಂಕಿ ಹಾಕುತ್ತಾರೆ. ಅದರಿಂದ ಪಾಸ್ಖದ ದೊಡ್ಡ ಮೇಣದ ಬತ್ತಿ ಹಚ್ಚುತ್ತಾರೆ, ಅದರ ಮೇಲೆ ಈ ವರ್ಷದ ಅಂಕಿ ಕೊರೆದಿರುತ್ತದೆ, 2026. ಕತ್ತಲೆಯಲ್ಲಿ ಆ ಒಂದು ಬತ್ತಿ ಒಳಗೆ ಹೋಗುತ್ತದೆ, ಜನ ಹಿಂದೆ ಹೋಗುತ್ತಾರೆ. ಪೂರ್ತಿಯಾಗಿ ಮಾಡುವ ಕಡೆ 9 ವಾಚನ, ಸೃಷ್ಟಿಯ ಕಥೆಯಿಂದ ಶುರು. ಬೂದಿ ಬುಧವಾರದಿಂದ ಬಾಯಲ್ಲಿ ಬಾರದ ಅಲ್ಲೆಲೂಯ ಆ ರಾತ್ರಿ ಬರುತ್ತದೆ. ಗ್ರೀಕ್, ರಷ್ಯನ್ ಆರ್ಥೊಡಾಕ್ಸ್ ಸಭೆಗಳಲ್ಲಿ ಪಾಸ್ಖ ರಾತ್ರಿ ಸಂತ ಯೊವಾನ್ನ ಕ್ರಿಸೊಸ್ತೊಮರ ಹೆಸರಿನ ಒಂದು ಪ್ರಸಂಗ ಓದುತ್ತಾರೆ. ಮೊದಲ ಗಂಟೆಗೆ ಬಂದವರೂ ಬನ್ನಿ, ಹನ್ನೊಂದನೆಯ ಗಂಟೆಗೆ ಬಂದವರೂ ಹೆದರದೆ ಬನ್ನಿ, ಉಪವಾಸ ಮಾಡಿದವರೂ ಮಾಡದವರೂ ಇವತ್ತು ಸಂತೋಷಪಡಿ ಅಂತ ಅದರಲ್ಲಿ ಕರೆಯುತ್ತಾರೆ. ನಿಮ್ಮ ಪ್ರಶ್ನೆ ಓದಿದಾಗ ನನಗೆ ಮೊದಲು ನೆನಪಾಗಿದ್ದು ಅದು.

ಆ ರಾತ್ರಿ ಎಲ್ಲರ ಕೈಗೂ ಒಂದು ಸಣ್ಣ ಮೇಣದ ಬತ್ತಿ ಕೊಡುತ್ತಾರೆ. ಪಕ್ಕದವರ ಬತ್ತಿಯಿಂದ ಹಚ್ಚಿಕೊಳ್ಳಬೇಕು. ಹಚ್ಚಿರುವ ಬತ್ತಿಯನ್ನು ನೇರವಾಗಿ ಹಿಡಿದು, ಹಚ್ಚಬೇಕಾದ ಬತ್ತಿಯನ್ನು ಬಾಗಿಸಿ, ಇಲ್ಲದಿದ್ದರೆ ಮೇಣ ಕೈಮೇಲೆ ಸುರಿಯುತ್ತದೆ. ಫ್ಯಾನ್ ಗಾಳಿಗೆ ಆರಿಹೋಗುವುದು ಇದ್ದೇ ಇದೆ. ಆರಿದರೆ ಪಕ್ಕದವರ ಕಡೆ ಚಾಚಿ, ಯಾರೂ ಏನೂ ಕೇಳದೆ ಮತ್ತೆ ಹಚ್ಚಿಕೊಡುತ್ತಾರೆ.